ಗಾಳಿಪೆಟ್ಟಿಗೆಯ ನೀಲಿ ದೀಪ

"ಈ ದೀಪ ಸತ್ತು ಎರಡು ವರ್ಷ ಆಗಿದೆಯಮ್ಮ," ಎಂದ ಮೆಕ್ಯಾನಿಕ್.

ಹಜಾರದ ಮೂಲೆಯಲ್ಲಿ ಬೀರುವಿನಷ್ಟೆತ್ತರ ನಿಂತಿದ್ದ ಗಾಳಿಪೆಟ್ಟಿಗೆಯ ಮುಂದೆ ಆಕೆ ಬಗ್ಗಿದಳು. ಮನೆಯ ಎಲ್ಲ ಕೋಣೆಗಳಿಗೂ ಕೊಳವೆಗಳ ಮೂಲಕ ತಂಪನ್ನೋ ಬಿಸಿಯನ್ನೋ ಕಳಿಸುವ ಯಂತ್ರ ಅದು. ಅದರ ಬಾಗಿಲಲ್ಲಿ ನಾಣ್ಯದಷ್ಟಗಲದ ಗಾಜಿನ ಕಿಂಡಿ. ಕಿಂಡಿಯೊಳಗೆ ಎಂದಿನಂತೆ ತಣ್ಣನೆಯ ನೀಲಿ ಬೆಳಕು.

"ಉರೀತಾ ಇದೆಯಲ್ಲಪ್ಪ! ನೀನೇ ನೋಡು."

"ಕಾಣೋ ನೀಲಿ ಬೇರೆ, ರೋಗಾಣು ಕೊಲ್ಲೋ ಕಿರಣ ಬೇರೆ. ಅದು ಕಣ್ಣಿಗೆ ಬೀಳೋದೇ ಇಲ್ಲ. ವರ್ಷ ತುಂಬೋ ಹೊತ್ತಿಗೆ ಅದರ ಕಸುವು ಮುಗಿದಿರುತ್ತೆ. ಆಮೇಲೆ ಇದು ಪೆನ್ಷನ್ ಆದ ಗುಮಾಸ್ತ ದಿನಾ ಆಫೀಸಿಗೆ ಬಂದು ಕೂತ ಹಾಗೆ. ಹಾಜರಿ ಉಂಟು, ಕೆಲಸ ಇಲ್ಲ." ಅವನು ಪೆಟ್ಟಿಗೆಯ ಬಾಗಿಲನ್ನು ಮತ್ತೊಮ್ಮೆ ತೆಗೆದ, ದೀಪ ತಾನಾಗಿಯೇ ಆರಿತು. ಬೆರಳು ತಾಗದಂತೆ ಬಟ್ಟೆಯಲ್ಲಿ ಹಿಡಿದು ಅದನ್ನು ಬಿಚ್ಚಿ, ಬುಡಕ್ಕೆ ಅಂಟಿಸಿದ್ದ ಚೀಟಿ ತೋರಿಸಿದ. ಮೂರು ವರ್ಷದ ಹಿಂದಿನ ತಾರೀಖು. ಒಳಗೆ ಗಾಳಿಯನ್ನು ತಂಪು ಮಾಡುವ ಸುರುಳಿಯ ಮೇಲೆ ಕಪ್ಪು ಲೋಳೆ ಕಟ್ಟಿತ್ತು. "ವರ್ಷಾ ವರ್ಷಾ ನಮ್ಮೋರು ಯಾರಾದ್ರೂ ಬಂದಿರ್ಬೇಕಲ್ಲ?"

ಬಂದಿದ್ದರು. ಎರಡು ಸಲವೂ ಅವರನ್ನು ಹೊಸ್ತಿಲಿಂದಲೇ ಸಾಗಹಾಕಿದ್ದವಳು ಆಕೆಯೇ. ಮೊದಲನೆಯ ಸಲ ಗಂಡ ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಎರಡನೆಯ ಸಲ, ಅವನು ಮತ್ತೆ ಆಸ್ಪತ್ರೆ ಸೇರಿ ಬಂದು ಒಂಬತ್ತು ದಿನ. ಶ್ವಾಸಕೋಶ ಅರ್ಧ ಸೋತವನಿರುವ ಮನೆಗೆ ಊರೆಲ್ಲ ಸುತ್ತಿದ ಬೂಟು, ಧೂಳು ಮೆತ್ತಿದ ಚೀಲ! 'ದೀಪ ಚೆನ್ನಾಗಿ ಉರೀತಿದೆ, ಏನೂ ಬೇಡ' ಎಂದು ಬಾಗಿಲು ಹಾಕಿಕೊಂಡಿದ್ದಳು. ಈ ಸಲ ಯಂತ್ರವೇ ಗೊರಗೊರ ಅನ್ನತೊಡಗಿದ್ದರಿಂದ ಬೇರೆ ದಾರಿ ಇರಲಿಲ್ಲ. ಈ ಎರಡು ವರ್ಷವೂ ದಿನಕ್ಕೆರಡು ಸಲ ನೆಲ ಒರೆಸಿದ್ದಳು, ವಾರಕ್ಕೊಮ್ಮೆ ಹೊದಿಕೆಗಳನ್ನು ಕುದಿಸಿದ್ದಳು, ತಿಂಗಳಿಗೊಮ್ಮೆ ಫಿಲ್ಟರ್ ಬದಲಿಸಿದ್ದಳು. ಬೆಳಿಗ್ಗೆ ಎದ್ದವಳೇ ಕಿಂಡಿಗೆ ಕಣ್ಣಿಟ್ಟು, ಕೋಣೆಗೆ ಹೋಗಿ ಗಂಡನಿಗೆ "ಉರೀತಿದೆ" ಎಂದು ಹೇಳದ ದಿನ ಒಂದೂ ಇರಲಿಲ್ಲ.

"ಹಾಗಾದ್ರೆ ಅವರು ಎರಡನೇ ಸಲ ಆಸ್ಪತ್ರೆ ಸೇರಿದ್ದು..." ಆಕೆ ಗಂಡನ ಕೋಣೆಯತ್ತ ತಿರುಗಿ ನೋಡಿದಳು.

"ಇದರಿಂದಲೇ ಅಂತ ಯಾರೂ ಹೇಳೋಕಾಗಲ್ಲಮ್ಮ. ಗಾಳಿ ಈ ದೀಪದ ಮುಂದೆ ಹಾದು ಹೋಗೋದು ಕಣ್ಣು ಮಿಟುಕಿಸೋವಷ್ಟು ಹೊತ್ತು. ಸುರುಳಿಗೆ ಬೂಸ್ಟು ಹಿಡೀದ ಹಾಗೆ ನೋಡಿಕೊಳ್ಳೋದೇ ಇದರ ದೊಡ್ಡ ಕೆಲಸ."

"ಮೆಲ್ಲಗೆ ಮಾತಾಡು. ಅವರಿಗೆ ಕೇಳಿಸೀತು."

ಮೆಕ್ಯಾನಿಕ್ ತಲೆಯ ಮೇಲಿನ ಕೊಳವೆಯತ್ತ ಕಣ್ಣು ಹಾಯಿಸಿ ನಿಟ್ಟುಸಿರಿಟ್ಟ. "ಇದು ಟೆಲಿಫೋನ್ ಇದ್ದ ಹಾಗೆ. ಆಗಲೇ ಎಲ್ಲಾ ಕೇಳಿಸಿರುತ್ತೆ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಕೋಣೆಗೆ ಹೋದಳು. ಗಂಡ ದಿಂಬುಗಳಿಗೆ ಒರಗಿ ಕುಳಿತಿದ್ದ. ಮೂವತ್ತು ವರ್ಷ ಕರೆಂಟು ಮೀಟರುಗಳನ್ನು ಬಿಚ್ಚಿ ಜೋಡಿಸಿದ ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಆಕೆ ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ನನಗೆ ಗೊತ್ತಿತ್ತು ಕಣೇ."

"ಏನು ಗೊತ್ತಿತ್ತು?"

"ದೀಪದ ವಿಷಯ. ಮೊದಲನೇ ಸಲ ಆಸ್ಪತ್ರೆಯಿಂದ ಬಂದಾಗ ಹೊತ್ತು ಹೋಗದೆ ಅದರ ಜೊತೆ ಕೊಟ್ಟಿದ್ದ ಪುಸ್ತಕ ಓದಿದ್ದೆ. ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ದಪ್ಪ ಅಕ್ಷರದಲ್ಲೇ ಹಾಕಿದಾರೆ."

"ಬಾಯಲ್ಲಿ ಏನಿತ್ತು ನಿಮಗೆ? ಎರಡು ವರ್ಷ ನಾನು ಹುಚ್ಚಿ ಹಾಗೆ ಆ ಕಿಂಡಿಗೆ ಕಣ್ಣಿಟ್ಟು..." ಸಿಟ್ಟಿಗೂ ಶಕ್ತಿ ಬೇಕು. ಅರ್ಧಕ್ಕೇ ಅದು ಮುಗಿದು ಹೋಯಿತು.

ಅವನು ಉಸಿರು ಕೂಡಿಸಿಕೊಳ್ಳುವವರೆಗೆ ಆಕೆ ಕಾದಳು. "ದಿನಾ ಬೆಳಿಗ್ಗೆ ಉರೀತಿದೆ ಅಂತ ಬಂದು, ಈ ಮಂಚದ ತುದೀಲಿ ಹತ್ತು ನಿಮಿಷ ಕೂರ್ತಿದ್ದೆ ನೀನು. ಇಡೀ ದಿನದಲ್ಲಿ ನೀನು ಕೂರೋದು ಅಷ್ಟೇ. ಸತ್ತಿದೆ ಅಂದಿದ್ರೆ ಆ ಹತ್ತು ನಿಮಿಷಾನೂ ಏನೋ ಒಂದು ತಿಕ್ಕೋಕೆ ಹೋಗ್ತಿದ್ದೆ. ಒಂದು ದೀಪ ನನ್ನನ್ನ ಕಾಯುತ್ತೆ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಕಾಯ್ತಿದ್ದೋಳು ಎಲ್ಲಿ ಬಿದ್ದು ಹೋಗ್ತಾಳೋ ಅನ್ನೋದೇ ನನ್ನ ಚಿಂತೆ."

ಅಷ್ಟರಲ್ಲಿ ಹಜಾರದಿಂದ ಮೆಕ್ಯಾನಿಕ್ ಕೂಗಿದ: "ಹೊಸದು ಹಾಕಿದ್ದಾಯ್ತಮ್ಮ, ಸುರುಳೀನೂ ತೊಳೆದಿದ್ದೀನಿ. ಬಂದು ನೋಡಿ."

ಬಾಗಿಲು ಮುಚ್ಚಿದ್ದ. ಆಕೆ ಬಗ್ಗಿ ಕಿಂಡಿಗೆ ಕಣ್ಣಿಟ್ಟಳು. ಅದೇ ನೀಲಿ. ನಿನ್ನೆಯದಕ್ಕೂ ಇಂದಿನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೆಕ್ಯಾನಿಕ್ ಕೊಟ್ಟ ಪೆನ್ನಿನಿಂದ ಪೆಟ್ಟಿಗೆಯ ಬಾಗಿಲ ಮೇಲೆ ಆ ದಿನದ ತಾರೀಖನ್ನು ದೊಡ್ಡದಾಗಿ ಬರೆದಳು. ಅವನು ಚೀಲ ಹೆಗಲಿಗೇರಿಸಿ, ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಹೊರಟ. ಅವನು ನಿಂತಿದ್ದ ಜಾಗವನ್ನು ಒರೆಸಬೇಕಿತ್ತು. ಬಕೀಟು ಎರಡೇ ಹೆಜ್ಜೆ ದೂರದಲ್ಲಿತ್ತು. ಆಕೆ ಅದನ್ನು ನೋಡಿದಳು. ನೋಡುತ್ತಲೇ ಗಾಳಿಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

ತಲೆಯ ಮೇಲಿನ ಕೊಳವೆಯಿಂದ ಗಂಡನ ದನಿ ಇಳಿಯಿತು: "ಉರೀತಿದೆಯೇನೇ?"

"ಕೂತಿದ್ದೀನಿ ರೀ," ಎಂದಳು.