ವೃಂದಾಳ ವಾಚು

ಮಧ್ವರಾಜ ಮತ್ತೆ ಅದೇ ದುಬಾರಿ ವಾಚಿಗೆ ಕೈ ಹಾಕಿದ. ಗುರುಚರಣ ಮತ್ತೆ ಅದನ್ನು ಅಪ್ಪನ ಕೈಯಿಂದ ಬಿಡಿಸಿ ಗಾಜಿನ ಮೇಲಿಟ್ಟ.

"ಅಪ್ಪಾ, ಪೈಲಟ್‌ಗೆ ಇದು ಆಗಲ್ಲ. ಮುಖದ ತುಂಬ ಬರೀ ಮುಳ್ಳು. ಗಂಟೆ ಎಷ್ಟು ಅಂತ ಹುಡುಕೋ ಹೊತ್ತಿಗೆ ವಿಮಾನ ಬೆಂಗಳೂರು ದಾಟಿರುತ್ತೆ."

ಮೈಲಾಪೂರಿನ ಆ ಸಣ್ಣ ಅಂಗಡಿಯಲ್ಲಿ ಫ್ಯಾನು ಇತ್ತು, ಗಾಳಿ ಇರಲಿಲ್ಲ. ಮಧ್ವರಾಜ ಬೆವರುತ್ತಿದ್ದ. ಸೆಕೆಗಲ್ಲ. ಮಗಳು ವೃಂದಾ ಪೈಲಟ್ ಆಗಿದ್ದಾಳೆ, ನಾಳೆ ಮೊದಲ ಸಲ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುತ್ತಾಳೆ. ಅವಳಿಗೆ ಉಡುಗೊರೆ ಆರಿಸಲು ಈ ಮಹಾನುಭಾವ ಕರೆತಂದದ್ದು ಯಾರನ್ನು? ಅವಳ ಅಣ್ಣನನ್ನು! ಮನೆಯಲ್ಲಿ ವಿಮಾನದ ಹುಚ್ಚು ಮೊದಲು ಹತ್ತಿದ್ದೇ ಅವನಿಗೆ. ಈಗ ಅವನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತು ಊರವರ ಪೆಟ್ಟಿಗೆ ತೂಗುತ್ತಾನೆ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇನ್ನೇನು?

ಗುರುಚರಣ ಮಾತ್ರ ಖುಷಿಯಾಗಿದ್ದ. ಕೊನೆಗೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಕಪ್ಪು ಮುಖ, ದೊಡ್ಡ ಬಿಳಿ ಅಂಕಿಗಳು, ಕತ್ತಲಲ್ಲಿ ಹೊಳೆಯುವ ಮುಳ್ಳು. "ನೋಡಿ, ಇಲ್ಲಿ ಇನ್ನೊಂದು ಮುಳ್ಳಿದೆ. ಇದನ್ನ ಗ್ರೀನ್‌ವಿಚ್ ಸಮಯಕ್ಕೆ ಇಟ್ಕೋಬೇಕು. ವಿಮಾನದವರ ಲೆಕ್ಕವೆಲ್ಲ ಅದರಲ್ಲೇ. ಬೆಲೆನೂ ಜಾಸ್ತಿ ಇಲ್ಲ."

"ನಲ್ಲ ಸೆಲೆಕ್ಷನ್. ತಂಬಿ ಪೈಲಟ್ಟಾ?" ಎಂದು ತಮಿಳಿನಲ್ಲಿ ಮೆಚ್ಚಿದ ಅಂಗಡಿಯವನು, ಇವನೇ ಪೈಲಟ್ ಎಂದುಕೊಂಡು.

"ನಾನಿಲ್ಲೆ, ತಂಗಚ್ಚಿ" ಎಂದು ಗುರುಚರಣ ತಮಿಳಿನಲ್ಲೇ ತಂಗಿಯ ಸುದ್ದಿ ಹೇಳಿ ನಕ್ಕ. ಮಧ್ವರಾಜ ಬೀದಿಯ ಕಡೆ ಮುಖ ತಿರುಗಿಸಿದ.

ಹೇಳಿಬಿಡಬೇಕು. ವಾಚು ಅವಳ ಕೈಗೇರುವ ಮೊದಲು ಹೇಳಿಬಿಡಬೇಕು ಎಂದು ಬೆಳಿಗ್ಗೆಯೇ ನಿಶ್ಚಯಿಸಿದ್ದ.

ಕೆಲವು ವರ್ಷಗಳ ಹಿಂದೆ ಅಣ್ಣ ತಂಗಿ ಇಬ್ಬರೂ ಪೈಲಟ್ ತರಬೇತಿಯ ಪ್ರವೇಶ ಪರೀಕ್ಷೆ ಪಾಸು ಮಾಡಿದ್ದರು. ಅಡ್ಯಾರಿನ ಮನೆ ಒತ್ತೆ ಇಟ್ಟರೂ ಒಬ್ಬರ ತರಬೇತಿಗೇ ಸಾಲುತ್ತಿತ್ತು. ನಾನೇಕೆ ನಿಷ್ಠುರನಾಗಲಿ, ದೇವರಲ್ಲೇ ಪ್ರಸಾದ ಕೇಳೋಣ ಎಂದ ಮಧ್ವರಾಜ. ಅವರ ಮನೆತನದಲ್ಲಿ ಮದುವೆ, ಮನೆ, ಎಲ್ಲಕ್ಕೂ ಅದೇ ರೂಢಿ. ಬಾಳೆಲೆಯ ಎರಡು ಪೊಟ್ಟಣ, ಒಂದರಲ್ಲಿ ತುಳಸಿ, ಒಂದರಲ್ಲಿ ಮಲ್ಲಿಗೆ. ತುಳಸಿ ಬಂದರೆ ವೃಂದಾ, ಮಲ್ಲಿಗೆ ಬಂದರೆ ಗುರುಚರಣ. ಹಾಗೆಂದು ಎಲ್ಲರಿಗೂ ಹೇಳಿದ. ಕಟ್ಟುವಾಗ ಮಾತ್ರ ಎರಡರಲ್ಲೂ ಒಂದನ್ನೇ ಕಟ್ಟಿದ! ಆಗ ಅವನ ಬಳಿ ಅದಕ್ಕೊಂದು ಒಳ್ಳೆಯ ಕಾರಣವೂ ಇತ್ತು. ಈಗ ನೆನೆದರೆ ಮೈಯೆಲ್ಲ ನಾಚಿಕೆ.

"ಅಣ್ಣಾನೇ ಎತ್ತಲಿ" ಎಂದಿದ್ದಳು ವೃಂದಾ.

ಶುಕ್ರವಾರ, ದೇವರಮನೆಯ ತುಂಬ ಹೂವಿನ ಘಮ. ಗುರುಚರಣ ಎಲ್ಲರಿಗೂ ಬೆನ್ನು ಮಾಡಿ, ದೇವರ ಎದುರೇ ಪೊಟ್ಟಣ ಬಿಚ್ಚಿದ. ಒಳಗಿದ್ದದ್ದನ್ನು ಮುಷ್ಟಿಯೊಳಗೆ ಹಿಡಿದ. "ತುಳಸಿ" ಎಂದ. ಪ್ರಸಾದವಲ್ಲವೇ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ವೃಂದಾ ಕುಣಿದಾಡಿದಳು. "ಏನೋ, ತುಳಸಿ ತಿಂದು ಕಷಾಯ ಕುಡಿದವನ ಹಾಗೆ ಮುಖ ಕಿವುಚ್ತೀಯಲ್ಲೋ!" ಎಂದು ತಾಯಿ ವೆಂಕಟಲಕ್ಷ್ಮಿ ಛೇಡಿಸಿದಳು. ಮಧ್ವರಾಜನಿಗೆ ಮಾತ್ರ ಸಿಡಿಲು ಬಡಿದಂತಾಗಿತ್ತು. ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವ ಮೊದಲೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಬಾಯಿ ಬಿಟ್ಟರೆ ಬಣ್ಣಗೇಡು. ಅಂದಿನಿಂದ ಮಗನ ಮುಖ ನೋಡಲು ಅಂಜಿಕೆ. ಮಗಳ ಮುಖ ನೋಡಲು ಅದಕ್ಕಿಂತ ಹೆಚ್ಚು.

ಅಂಗಡಿಯವನು ಒಂದೇ ಬಗೆಯ ಎರಡು ಡಬ್ಬಿಗಳನ್ನು ಮುಂದಿಟ್ಟ. ಯಾವುದಾದರೂ ಎತ್ತಿಕೊಳ್ಳಿ ಎಂದು ಕೈಸನ್ನೆ ಮಾಡಿ, "ರೆಂಡುಂ ಒಣ್ಣುದಾನ್" ಎಂದ. ಎರಡೂ ಒಂದೇ.

ಮಧ್ವರಾಜ ಮಗನ ಕಡೆ ತಿರುಗಿದ. "ಗುರು, ಆವತ್ತು ಆ ಪೊಟ್ಟಣ..."

ಗುರುಚರಣನ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. "ಅಪ್ಪಾ, ಆಗಿದ್ದು ಆಗಿಹೋಯ್ತು. ವೃಂದಾಗೆ ಮಾತ್ರ ಹೇಳಬೇಡಿ. ನಿಮ್ಮ ದಮ್ಮಯ್ಯ."

"ಅಲ್ಲೋ, ತಪ್ಪು ನಂದು..."

"ಯಾರದೂ ತಪ್ಪಲ್ಲ. ಅವಳು ನಾಳೆ ಹಾರಬೇಕು. ಬನ್ನಿ, ಬಸ್ಸು ಬಂತು."

ತಪ್ಪೊಪ್ಪಿಕೊಳ್ಳಲು ಹೋದವನ ಬಾಯಿಗೆ ಮಗನೇ ಬೀಗ ಹಾಕಿದ. ಅಡ್ಯಾರ್ ಬರುವವರೆಗೂ ಮಧ್ವರಾಜ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತ.

ಮನೆಯಲ್ಲಿ ವೃಂದಾ ಹೊಸ ಸಮವಸ್ತ್ರ ತೊಟ್ಟು ಅಮ್ಮನಿಗೆ ತೋರಿಸುತ್ತಿದ್ದಳು. ಡಬ್ಬಿ ಬಿಚ್ಚಿದ್ದೇ, "ಸೂಪರ್‌ಪಾ! ಅಣ್ಣನ ಸೆಲೆಕ್ಷನ್ ತಾನೇ?" ಎಂದು ಕೈ ಚಾಚಿದಳು. ಗುರುಚರಣ ಪಟ್ಟಿ ಬಿಗಿದ, ಎರಡನೇ ಮುಳ್ಳನ್ನು ತಿರುಗಿಸಿ ಸರಿಯಿಟ್ಟ. ಅವನ ಬೆರಳುಗಳಿಗೆ ಆ ಕೆಲಸ ಯಾವತ್ತಿನಿಂದಲೋ ರೂಢಿಯಾದಂತಿತ್ತು.

ವೃಂದಾ ಬಗ್ಗಿ ಅಪ್ಪನ ಕಾಲು ಮುಟ್ಟಿದಳು. "ನನ್ನ ಫ್ರೆಂಡ್ ಪಾವನಾ ಇದ್ದಾಳಲ್ಲ, ಅವಳಪ್ಪ ದುಡ್ಡೆಲ್ಲ ಗಂಡುಮಗನ ಓದಿಗೇ ಅಂದುಬಿಟ್ರು. ಅಪ್ಪಾ, ನೀವು ಭೇದ ಮಾಡಲಿಲ್ಲ. ದೇವರಿಗೆ ಬಿಟ್ಟಿರಿ. ನಾಳೆ ಮೇಲಕ್ಕೇರುವಾಗ ಅದನ್ನೇ ನೆನೆಸ್ಕೋತೀನಿ."

ಮಧ್ವರಾಜ ಹೇಳಿಬಿಡಲು ಬಾಯಿ ತೆರೆದ. ಮಗಳ ಹಿಂದೆ ನಿಂತಿದ್ದ ಗುರುಚರಣ, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದ.

"ನನ್ನದೇನಿಲ್ಲಮ್ಮ" ಎಂದ ಮಧ್ವರಾಜ. "ಎಲ್ಲ ನಿನ್ನ ಅಣ್ಣನ ಕೈಗುಣ."

ಅಂದು ಎರಡೂ ಪೊಟ್ಟಣಗಳಲ್ಲಿ ಅವನು ಕಟ್ಟಿದ್ದದ್ದು ಮಲ್ಲಿಗೆ.