ಮಾಸ್ಟರ್ ಕಟ್ಟಿದ ಹಳದಿ ಬೆಲ್ಟು

ನೋವಿನ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಕೆಜಿಎಫ್‌ನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮೊದಲು ಕರಾಟೆ ಕಲಿಸಿದವರು ನಮ್ಮ ಮಾಸ್ಟರ್. ಹುಡುಗಿಯರು ಒದೆಯೋದು ಕಲಿಯಬೇಕೇ ಎಂದು ನಕ್ಕವರೇ ಆಮೇಲೆ ತಮ್ಮ ಮಕ್ಕಳನ್ನು ತಂದು ಬಿಟ್ಟಿದ್ದರು. ನಾನು ಬೇತಮಂಗಲದಿಂದ ಅಜ್ಜಿಯ ಜೊತೆ ಬಸ್ಸಿನಲ್ಲಿ ಬರುತ್ತಿದ್ದೆ. ನಾನು ಹಳದಿ ಬೆಲ್ಟಿನ ಪರೀಕ್ಷೆ ಪಾಸಾದ ವಾರವೇ ಮಾಸ್ಟರಿಗೆ ಲಕ್ವ ಹೊಡೆಯಿತು. ಬೆಲ್ಟನ್ನು ಅವರ ಕೈಯಲ್ಲೇ ಕಟ್ಟಿಸಬೇಕೆಂದು ಅಜ್ಜಿ ನನ್ನನ್ನು ಅವರ ಮನೆಗೆ ಕರೆದೊಯ್ದಳು.

ಮಾಸ್ಟರ್ ಮಂಚದ ಅಂಚಿನಲ್ಲಿ ಕೂತಿದ್ದರು. ಎಣ್ಣೆ ತಿಕ್ಕಿ ತಿಕ್ಕಿ ಬಲಗೈ ಹೊಳೆಯುತ್ತಿತ್ತು. ಎಡಗೈಯಿಂದ ಬೆಲ್ಟನ್ನು ನನ್ನ ಸೊಂಟಕ್ಕೆ ಸುತ್ತಿದರು. ಗಂಟು ಹಾಕಲು ಹೋದರೆ ಬಲಗೈ ಬೆರಳುಗಳು ಮಡಚಲೇ ಇಲ್ಲ. ಗಡಸಾದ ಹೊಸ ಬೆಲ್ಟು ಜಾರಿ ನೆಲಕ್ಕೆ ಬೀಳುತ್ತಿತ್ತು, ನಾನು ಎತ್ತಿ ಕೊಡುತ್ತಿದ್ದೆ.

"ಬುಡಿ, ನಾನ್ ಕಟ್ತೀನಿ," ಎಂದು ಅವರ ಹೆಂಡತಿ ಕೈ ಚಾಚಿದರು.

"ಬ್ಯಾಡ," ಎಂದು ಮಾಸ್ಟರ್ ತೊದಲಿದರು.

"ಕಟ್ಲಿ ಬುಡವ್ವ, ನಮ್ಗೇನೂ ಅರ್ಜೆಂಟಿಲ್ಲ," ಎಂದಳು ಅಜ್ಜಿ. ನಮ್ಮ ಬಸ್ಸು ಆಗಲೇ ಹೋಗಿತ್ತು.

ಕೊನೆಗೆ ಮಾಸ್ಟರ್ ಬೆಲ್ಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದರು. ಅವರ ಬೆವೆತ ಹಣೆ ನನ್ನ ಹೊಟ್ಟೆಗೆ ತಾಗಿತು.

"ಬಿಗಿ ಆಯ್ತೇನಮ್ಮ?"

"ಆಯ್ತು ಮಾಸ್ಟರ್," ಎಂದೆ.

ಗಂಟು ಆಗಲೇ ಸಡಿಲವಾಗುತ್ತಿತ್ತು. ಬಗ್ಗಿದರೆ ಬಿಚ್ಚಿಹೋಗುತ್ತದೆಂದು ಹೊಟ್ಟೆ ಉಬ್ಬಿಸಿ, ಉಸಿರು ಬಿಗಿಹಿಡಿದು ನಿಂತೆ.

"ಯಾಕೆ ಅಂಗೇ ನಿಂತಿದ್ದೀಯ? ಬಗ್ಗಿ ನಮಸ್ಕಾರ ಮಾಡೇ," ಎಂದಳು ಅಜ್ಜಿ.

ಮಾಸ್ಟರ್ ಬೆನ್ನು ನೆಟ್ಟಗೆ ಮಾಡಿಕೊಂಡು ನನ್ನ ನಮಸ್ಕಾರಕ್ಕಾಗಿ ಕಾಯುತ್ತಿದ್ದರು.