ಎಣ್ಣೆ ತಲೆ

ಶಾಲೆಗೆ ಸೇರುವ ದಿನ ಮಗುವಿನ ತಲೆಗೆ ಟೋಪಿ ಇಟ್ಟು, ಬುದ್ಧಿ ಎಷ್ಟು ಹಿಡಿಯುತ್ತದೆಂದು ಅಳೆಯುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ಗೌರವ್ವನ ಮಗಳು ದಾಕ್ಷಿಗೆ ಪಾವು, ಅಂದರೆ ಕಾಲು ಸೇರು, ಎಂದು ಬಂದಿತ್ತು. ಸೇರಿನ ಮಕ್ಕಳಿಗೆ ಪೂರ್ತಿ ಪಾಠ. ಪಾವಿನವರು ಕಾಲು ಭಾಗ ಕೇಳಿ, ಕಸಬರಿಗೆ ಹಿಡಿದು ಅಂಗಳಕ್ಕೆ ಹೋಗಬೇಕು. ಹೆಚ್ಚು ಸುರಿದರೆ ಚೆಲ್ಲುತ್ತದಂತೆ.

ಮೂರು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಮಗಳನ್ನು ಬಿಡಲು ಬಂದ ಗೌರವ್ವನ ಕಿವಿಗೆ ಟೋಪಿ ಒರೆಸುತ್ತಿದ್ದ ರಿಪೇರಿಯವನ ಮಾತು ಬಿತ್ತು.

"ಎಣ್ಣಿ ತಲಿ ಇದ್ರ ಇದು ಕಮ್ಮಿ ತೋರಸ್ತೈತ್ರಿ."

ಗೌರವ್ವ ಮಗಳ ಕೈ ಹಿಡಿದು ನಿಲ್ಲಿಸಿದಳು. ಮೊದಲ ದಿನ ಒಳ್ಳೆಯದಾಗಲಿ ಎಂದು ಮಗಳ ನೆತ್ತಿಗೆ ಹರಳೆಣ್ಣೆ ತಟ್ಟಿ, ಹಣೆಗೆ ಇಳಿಯುವಷ್ಟು ಸವರಿ ಜಡೆ ಹೆಣೆದವಳು ಅವಳೇ. ಅವರ ಓಣಿಯ ತಾಯಂದಿರೆಲ್ಲ ಹಾಗೇ ಮಾಡಿದ್ದರು. ಓಣಿಯ ಮಕ್ಕಳೆಲ್ಲ ಪಾವೇ.

ದಾಕ್ಷಿಯನ್ನು ಮನೆಗೆ ಎಳೆದೊಯ್ದು, ಸೀಗೆಕಾಯಿ ಹಾಕಿ ತಿಕ್ಕಿ ತೊಳೆದು, ಕೂದಲು ಒಣಗಿಸಿ ಮತ್ತೆ ಶಾಲೆಯ ಮುಖ್ಯೋಪಾಧ್ಯಾಯಿನಿಯ ಬಳಿ ಕರೆತಂದಳು.

"ಇನ್ನೊಮ್ಮೆ ಅಳೀರಿ ಅಕ್ಕಾರ. ಅವತ್ತು ಎಣ್ಣಿ ಹಚ್ಚಿದ್ದೆ."

ಹೆಡ್ ಅಕ್ಕಾರು ನಗುತ್ತಲೇ ಟೋಪಿ ಇಟ್ಟರು. ಪಾವು.

"ನೋಡವಾ, ಸುಮ್ನ ಎಣ್ಣಿ ಮ್ಯಾಲೆ ತಪ್ಪು ಹಾಕಬ್ಯಾಡ. ಮೂರು ವರ್ಷದಾಗ ಒಂದು ತೊಟ್ಟೂ ಹೆಚ್ಚಾಗಿಲ್ಲ."

"ಹೆಚ್ಚಾಗಾಕ ನೀವು ಹಾಕಿದ್ರ ತಾನ ಅಕ್ಕಾರ?" ಗೌರವ್ವನ ದನಿ ಏರಿತು.

ಅಷ್ಟರಲ್ಲಿ ಕಾಲು ಪಾಠ ಮುಗಿದ ಗಂಟೆ ಹೊಡೆಯಿತು. ದಾಕ್ಷಿ ತೊಳೆದ ಕೂದಲನ್ನು ತುರುಬು ಕಟ್ಟಿ, ಮೂಲೆಯ ಕಸಬರಿಗೆ ಎತ್ತಿಕೊಂಡಳು.

"ಬಿಡಬೇ ಯವ್ವಾ, ಯಾಕ ಜಗಳಾಡ್ತಿ? ನನಗ ಅಷ್ಟ ಹಿಡಿಯೂದು."